ರಗ್ಬಿಯಲ್ಲಿ ಪ್ರಾಪ್ ಬೆಟ್: ಮೊದಲು ನಿಮ್ಮ ದರ ಬರೆಯಿರಿ, ಆಮೇಲೆ ಬುಕ್‌ಮೇಕರ್ ದರ ನೋಡಿ

2023ರ ರಗ್ಬಿ ವಿಶ್ವಕಪ್ ಫೈನಲ್ ತೆಗೆದುಕೊಳ್ಳಿ. ಪ್ಯಾರಿಸ್ ಪಕ್ಕದ ಸ್ತಾದ್ ದ ಫ್ರಾನ್ಸ್ ಮೈದಾನ, ಮಳೆ, ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11. ಕಪ್ ಯಾರಿಗೆ ಅನ್ನುವುದು ಒಂದು ಪ್ರಶ್ನೆ. ಅದೇ 80 ನಿಮಿಷದ ಒಳಗೆ ಇನ್ನೂ ಹತ್ತಾರು ಪ್ರಶ್ನೆಗಳಿದ್ದವು. ಒಟ್ಟು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಎಷ್ಟು? ಒಂದೇ ಒಂದು, ಅದೂ ಸೋತ ತಂಡದ ಬೋಡನ್ ಬ್ಯಾರೆಟ್ ಗಳಿಸಿದ್ದು. ಗೆದ್ದ ತಂಡದ ಪಾಯಿಂಟ್ ಯಾರಿಂದ ಬಂತು? ಹನ್ನೆರಡೂ ಹಾಂಡ್ರೆ ಪೊಲಾರ್ಡ್ ಕಾಲಿನಿಂದಲೇ, ನಾಲ್ಕು ಪೆನಾಲ್ಟಿ. ರೆಡ್ ಕಾರ್ಡ್ ಇತ್ತಾ? ಇತ್ತು, ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್‌ಗೆ. ಯಾವ ಅರ್ಧದಲ್ಲಿ ಜಾಸ್ತಿ ಪಾಯಿಂಟ್? ಮೊದಲರ್ಧದಲ್ಲಿ 18, ಎರಡನೇ ಅರ್ಧದಲ್ಲಿ ಬರೀ 5.

ಹೀಗೆ ಪಂದ್ಯದ ಒಳಗಿನ ಒಂದೊಂದು ಸಂಗತಿಯ ಮೇಲೆ ಕಟ್ಟುವ ಬಾಜಿಗೆ ಪ್ರಾಪ್ ಬೆಟ್ ಅನ್ನುತ್ತಾರೆ. ಯಾರು ಗೆಲ್ಲುತ್ತಾರೆ ಅನ್ನುವುದಕ್ಕೂ ಇದಕ್ಕೂ ನೇರ ಸಂಬಂಧ ಇರಬೇಕಾಗಿಲ್ಲ. ನನಗೆ ಇದು ಇಷ್ಟವಾಗುವುದು ಅದಕ್ಕೇ. ತಂಡ ಹೇಗೆ ಆಡುತ್ತದೆ, ಚೆಂಡು ಯಾರ ಕೈಗೆ ಹೋಗುತ್ತದೆ, ಯಾರು ಕಿಕ್ ಹೊಡೆಯುತ್ತಾರೆ, ಯಾರು ಬೇಗ ಹೊರಗೆ ಬರುತ್ತಾರೆ ಅಂತ ಗಮನ ಕೊಟ್ಟು ನೋಡುವವರಿಗೆ ಇಲ್ಲಿ ಕೆಲಸವಿದೆ. ನಾನು ಪ್ರತಿ ಪಂದ್ಯಕ್ಕೂ ನೋಟ್‌ಬುಕ್‌ನಲ್ಲಿ ಒಂದು ಪುಟ ಇಡುತ್ತೇನೆ. ಆ ಪುಟದಲ್ಲಿ ನನ್ನ ದರ, ಅಂದರೆ ಗೆದ್ದರೆ ಕಟ್ಟಿದ ಹಣದ ಎಷ್ಟು ಪಟ್ಟು ಸಿಗಬೇಕು ಅನ್ನುವುದನ್ನು ಬರೆದು ಮುಗಿಸುವವರೆಗೆ ಬುಕ್‌ಮೇಕರ್ (ಬಾಜಿ ಕಟ್ಟಿಸಿಕೊಳ್ಳುವ ಕಂಪನಿ) ದರ ನೋಡುವುದಿಲ್ಲ. ಅವರ ದರ ಮೊದಲೇ ಕಣ್ಣಿಗೆ ಬಿದ್ದರೆ ನಮ್ಮ ಲೆಕ್ಕ ತಾನಾಗಿಯೇ ಅದರ ಕಡೆ ವಾಲುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಇದೊಂದೇ. ಉಳಿದದ್ದೆಲ್ಲ ಆ ದರವನ್ನು ಬರೆಯುವುದು ಹೇಗೆ ಅನ್ನುವುದರ ವಿವರ.

ಒಂದು ಮಾತು ಮೊದಲೇ. ಹಣ ಕಟ್ಟಿ ಬೆಟ್ ಮಾಡುವುದು ಕೆಲವು ದೇಶಗಳಲ್ಲಿ ಲೈಸೆನ್ಸ್ ಇರುವ ಕಂಪನಿಗಳ ಮೂಲಕ ಮಾತ್ರ ನಡೆಯುತ್ತದೆ, ಕೆಲವು ಕಡೆ ಪೂರ್ತಿ ನಿಷೇಧ. ವಯಸ್ಸಿನ ಮಿತಿ ಎಲ್ಲ ಕಡೆಯೂ ಇದೆ. ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ಅಂತ ನೋಡಿಕೊಳ್ಳಿ. ಅಲ್ಲಿ ಅವಕಾಶವಿಲ್ಲ ಅಂದರೆ ಕದ್ದುಮುಚ್ಚಿ ಮಾಡುವ ದಾರಿ ಹುಡುಕಬೇಡಿ. ಕೆಳಗಿನ ಲೆಕ್ಕವನ್ನೆಲ್ಲ ಒಂದು ಪೈಸೆ ಕಟ್ಟದೆ ಕಾಗದದ ಮೇಲೂ ಮಾಡಬಹುದು. ಪಂದ್ಯ ನೋಡುವ ಖುಷಿ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಪಾಯಿಂಟ್ ಹೇಗೆ ಬರುತ್ತದೆ

ರಗ್ಬಿ ಯೂನಿಯನ್‌ನಲ್ಲಿ ತಂಡಕ್ಕೆ 15 ಜನ. ಟ್ರೈಗೆ 5, ಅದರ ನಂತರ ಕಂಬಗಳ ನಡುವೆ ಹೊಡೆಯುವ ಕಿಕ್‌ಗೆ, ಅಂದರೆ ಕನ್ವರ್ಷನ್‌ಗೆ 2, ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಕಿಕ್‌ಗೆ 3, ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದಾಗ ಹೊಡೆಯುವ ಡ್ರಾಪ್ ಗೋಲ್‌ಗೆ 3. ಎದುರಾಳಿ ತಪ್ಪು ಮಾಡದೇ ಇದ್ದಿದ್ದರೆ ಟ್ರೈ ಆಗೇ ಆಗುತ್ತಿತ್ತು ಅಂತ ರೆಫರಿಗೆ ಅನಿಸಿದರೆ ಪೆನಾಲ್ಟಿ ಟ್ರೈ ಕೊಡುತ್ತಾರೆ. ಅದಕ್ಕೆ ನೇರ 7 ಪಾಯಿಂಟ್, ಕಿಕ್ ಹೊಡೆಯುವ ಹಾಗಿಲ್ಲ. ರಗ್ಬಿ ಲೀಗ್ ಬೇರೆ ಆಟ. ಅಲ್ಲಿ 13 ಜನ, ಟ್ರೈಗೆ 4, ಕನ್ವರ್ಷನ್‌ಗೂ ಪೆನಾಲ್ಟಿಗೂ 2, ಡ್ರಾಪ್ ಗೋಲ್‌ಗೆ 1. ಆಸ್ಟ್ರೇಲಿಯಾದ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್‌ನಲ್ಲಿ 2021ರಿಂದ 40 ಮೀಟರ್ ಆಚೆಯಿಂದ ಹೊಡೆದ ಡ್ರಾಪ್ ಗೋಲ್‌ಗೆ 2. ಬೆಟ್ ಪಟ್ಟಿಯಲ್ಲಿ ಎರಡೂ ಆಟ 'ರಗ್ಬಿ' ಹೆಸರಿನ ಕೆಳಗೇ ಬರುತ್ತವೆ, ಹಾಗಾಗಿ ಯಾವ ಆಟ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಇಲ್ಲಿ ನಾನು ಹೇಳುವುದೆಲ್ಲ ಯೂನಿಯನ್ ಬಗ್ಗೆ.

ಆಡ್ಸ್ ಓದುವುದು

ಆಡ್ಸ್ ಅಂದರೆ ದರವೇ. 2.50 ಅಂತ ಬರೆದಿದ್ದರೆ, 100 ಕಟ್ಟಿ ಗೆದ್ದರೆ ಒಟ್ಟು 250 ಕೈಗೆ ಬರುತ್ತದೆ. ಅದರಲ್ಲಿ 100 ನಿಮ್ಮದೇ ಹಣ, ಲಾಭ 150. ಇದನ್ನೇ ಬ್ರಿಟನ್ ಶೈಲಿಯಲ್ಲಿ 6/4 ಅಂತಲೂ ಅಮೆರಿಕದ ಶೈಲಿಯಲ್ಲಿ +150 ಅಂತಲೂ ಬರೆಯುತ್ತಾರೆ. ಲೆಕ್ಕಕ್ಕೆ ದಶಮಾಂಶವೇ ಸುಲಭ, ಸೆಟ್ಟಿಂಗ್ಸ್‌ನಲ್ಲಿ ಅದನ್ನೇ ಆರಿಸಿಕೊಳ್ಳಿ.

1ನ್ನು ಆಡ್ಸ್‌ನಿಂದ ಭಾಗಿಸಿದರೆ ಆ ದರದ ಹಿಂದೆ ಎಷ್ಟು ಸಾಧ್ಯತೆ ಅಡಗಿದೆ ಅಂತ ಗೊತ್ತಾಗುತ್ತದೆ. 2.50 ಅಂದರೆ ಶೇ. 40. 4.00 ಅಂದರೆ ಶೇ. 25. ಈಗ ಒಟ್ಟು ಪಾಯಿಂಟ್ 45.5ಕ್ಕಿಂತ ಹೆಚ್ಚೋ ಕಡಿಮೆಯೋ ಅನ್ನುವ ಮಾರ್ಕೆಟ್, ಅಂದರೆ ಬೆಟ್ ಕಟ್ಟಬಹುದಾದ ಪ್ರಶ್ನೆ, ನೋಡಿ. ಎರಡೂ ಕಡೆ 1.90 ಇರುತ್ತದೆ ಅಂದುಕೊಳ್ಳಿ. ಒಂದೊಂದು ಶೇ. 52.6, ಎರಡೂ ಸೇರಿ ಶೇ. 105.2. ನಿಜದಲ್ಲಿ 100 ಮಾತ್ರ ಇರಬೇಕು ಅಲ್ವಾ? ಮೇಲಿನ ಐದು ಚಿಲ್ಲರೆ ಬುಕ್‌ಮೇಕರ್ ಪಾಲು. ಪಂದ್ಯ ಯಾರು ಗೆಲ್ಲುತ್ತಾರೆ ಅನ್ನುವ ಮಾರ್ಕೆಟ್‌ಗಿಂತ ಪ್ರಾಪ್ ಮಾರ್ಕೆಟ್‌ಗಳಲ್ಲಿ ಈ ಪಾಲು ಸಾಮಾನ್ಯವಾಗಿ ಜಾಸ್ತಿ. ಆಯ್ಕೆಗಳು ಹೆಚ್ಚಾದಷ್ಟೂ ಅದು ಕಣ್ಣಿಗೆ ಕಾಣದ ಹಾಗೆ ಹರಡಿಕೊಳ್ಳುತ್ತದೆ. ಮೊದಲ ಟ್ರೈ ಯಾರದ್ದು ಅನ್ನುವ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಹೆಸರುಗಳಿರುತ್ತವೆ. ಅಷ್ಟನ್ನೂ ಶೇಕಡಾಕ್ಕೆ ಬದಲಾಯಿಸಿ ಒಂದು ಸಲ ಕೂಡಿ ನೋಡಿ. ಕಾಲು ಗಂಟೆಯ ಕೆಲಸ. ಆ ಮೊತ್ತ ನೋಡಿದ ಮೇಲೆ ಆ ಪಟ್ಟಿಯನ್ನು ನೀವು ಹಳೆಯ ಕಣ್ಣಿನಿಂದ ನೋಡುವುದಿಲ್ಲ.

ಟ್ರೈ ಯಾರು ಗಳಿಸುತ್ತಾರೆ

ಹೆಚ್ಚು ಜನ ಬರುವುದು ಈ ಮಾರ್ಕೆಟ್‌ಗೆ. ಪಂದ್ಯದಲ್ಲಿ ಯಾವಾಗಲಾದರೂ ಈ ಆಟಗಾರ ಟ್ರೈ ಗಳಿಸುತ್ತಾನಾ ಅನ್ನುವುದು ಪ್ರಶ್ನೆ. ಹೆಚ್ಚಿನವರು ಶುರು ಮಾಡುವುದು ಆಟಗಾರನಿಂದ. 'ಅವನು ಒಳ್ಳೆ ಫಾರ್ಮ್‌ನಲ್ಲಿದ್ದಾನೆ, ಗಳಿಸುತ್ತಾನೆ' ಅನ್ನುತ್ತಾರೆ. ನಾನು ಶುರು ಮಾಡುವುದು ತಂಡದಿಂದ. ಈ ತಂಡ ಈ ಎದುರಾಳಿಯ ಮೇಲೆ, ಈ ಹವಾಮಾನದಲ್ಲಿ, ಸರಾಸರಿ ಎಷ್ಟು ಟ್ರೈ ಗಳಿಸಬಹುದು? ಮೂರು ಅಂದುಕೊಳ್ಳೋಣ. ಆ ಮೂರರಲ್ಲಿ ಈ ವಿಂಗ್ ಆಟಗಾರನ (ಮೈದಾನದ ಅಂಚಿನಲ್ಲಿ ಓಡುವವನ) ಪಾಲು ಎಷ್ಟು? ಹಿಂದಿನ ಎರಡು ಸೀಸನ್‌ನಲ್ಲಿ ಅವನು ಆಡಿದ ಪಂದ್ಯಗಳಲ್ಲಿ ತಂಡದ ಟ್ರೈಗಳಲ್ಲಿ ಐದರಲ್ಲಿ ಒಂದು ಅವನದ್ದಾಗಿದ್ದರೆ ಪಾಲು ಶೇ. 20. ಮೂರರಲ್ಲಿ ಶೇ. 20 ಅಂದರೆ 0.6.

ಈ 0.6 ಸರಾಸರಿ, ಸಾಧ್ಯತೆ ಅಲ್ಲ. ಒಂದೇ ಪಂದ್ಯದಲ್ಲಿ ಎರಡು ಮೂರು ಗಳಿಸುವ ದಿನಗಳೂ ಆ ಸರಾಸರಿಯಲ್ಲಿ ಸೇರಿರುತ್ತವೆ. ಕನಿಷ್ಠ ಒಂದು ಗಳಿಸುವ ಸಾಧ್ಯತೆ ಅದಕ್ಕಿಂತ ಕಡಿಮೆ. ಗಣಿತದಲ್ಲಿ ಇದಕ್ಕೆ ಪ್ವಾಸೋನ್ ಲೆಕ್ಕ ಬಳಸುತ್ತಾರೆ. ಬಾಯಿಪಾಠಕ್ಕೆ ಇಷ್ಟು ಸಾಕು: ಸರಾಸರಿ 0.2 ಇದ್ದರೆ ಸಾಧ್ಯತೆ ಶೇ. 18, 0.3ಕ್ಕೆ 26, 0.4ಕ್ಕೆ 33, 0.5ಕ್ಕೆ 39, 0.6ಕ್ಕೆ 45, 0.8ಕ್ಕೆ 55. ನಮ್ಮ ವಿಂಗ್ ಆಟಗಾರನಿಗೆ ಶೇ. 45 ಬಂತು. 100ನ್ನು 45ರಿಂದ ಭಾಗಿಸಿದರೆ 2.22. ಇದೇ ನನ್ನ ದರ, ಪುಟದಲ್ಲಿ ಬರೆಯುವುದು ಇದನ್ನೇ. ಬುಕ್‌ಮೇಕರ್ 2.00 ಕೊಡುತ್ತಿದ್ದರೆ ಬೇಡ. 2.50 ಕೊಡುತ್ತಿದ್ದರೆ ಯೋಚಿಸಬಹುದು. ಅದೇ ಆಟಗಾರ, ಆದರೆ ತಂಡ ಎರಡೇ ಟ್ರೈ ಗಳಿಸಬಹುದು ಅನ್ನುವ ಪಂದ್ಯ ಅಂದುಕೊಳ್ಳಿ. ಸರಾಸರಿ 0.4ಕ್ಕೆ ಇಳಿಯಿತು, ಸಾಧ್ಯತೆ ಶೇ. 33, ನನ್ನ ದರ 3.03ಕ್ಕೆ ಏರಿತು. ಆಟಗಾರನ ಫಾರ್ಮ್ ಹಾಗೇ ಇದೆ, ಎದುರಾಳಿ ಮಾತ್ರ ಬೇರೆ. ತಂಡದಿಂದ ಶುರು ಮಾಡಬೇಕು ಅನ್ನುವುದು ಇದಕ್ಕೇ.

ಇನ್ನು ಪಾಲಿನ ವಿಷಯ. ವಿಂಗ್ ಆಟಗಾರರಿಗೆ ಪಾಲು ಜಾಸ್ತಿ ಅನ್ನುವುದರಲ್ಲಿ ಅನುಮಾನವಿಲ್ಲ. ಪುರುಷರ ಒಂದೇ ವಿಶ್ವಕಪ್‌ನಲ್ಲಿ 8 ಟ್ರೈ ಅನ್ನುವ ದಾಖಲೆ ನಾಲ್ವರ ಹೆಸರಿನಲ್ಲಿದೆ: 1999ರಲ್ಲಿ ಜೋನಾ ಲೋಮು, 2007ರಲ್ಲಿ ಬ್ರಯಾನ್ ಹಬಾನಾ, 2015ರಲ್ಲಿ ಜೂಲಿಯನ್ ಸಾವಿಯಾ, 2023ರಲ್ಲಿ ವಿಲ್ ಜೋರ್ಡನ್. ನಾಲ್ವರೂ ವಿಂಗ್‌ನಲ್ಲಿ ಆಡಿದವರು. 2019ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಎರಡು ಟ್ರೈ ಮಕಝೋಲೆ ಮಪಿಂಪಿ ಮತ್ತು ಚೆಸ್ಲಿನ್ ಕೋಲ್ಬೆ ಗಳಿಸಿದ್ದು. ಇಬ್ಬರೂ ವಿಂಗ್, ಎರಡೂ ಕೊನೆಯ ಕಾಲು ಗಂಟೆಯಲ್ಲಿ ಬಂದವು. ಆದರೆ ಇದು ಬುಕ್‌ಮೇಕರ್‌ಗೂ ಗೊತ್ತು, ಬೆಟ್ ಮಾಡುವ ಎಲ್ಲರಿಗೂ ಗೊತ್ತು. ಹೆಸರುವಾಸಿ ವಿಂಗ್ ಆಟಗಾರನ ದರ ಹಾಗಾಗಿಯೇ ಇರಬೇಕಾದ್ದಕ್ಕಿಂತ ಕೆಳಗಿರುತ್ತದೆ.

ನಾನು ಹೆಚ್ಚು ಹೊತ್ತು ನೋಡುವುದು ಹುಕರ್‌ನನ್ನು. ಲೈನ್‌ಔಟ್‌ನಲ್ಲಿ, ಅಂದರೆ ಬದಿಯ ಗೆರೆ ದಾಟಿದ ಚೆಂಡನ್ನು ಒಳಗೆ ಎಸೆದು ಆಟ ಮತ್ತೆ ಶುರು ಮಾಡುವಾಗ, ಚೆಂಡು ಎಸೆಯುವವನು ಅವನೇ. ಎಸೆದು ಮುಗಿದ ಕೂಡಲೇ ಮಾಲ್‌ನ (ಚೆಂಡು ಹಿಡಿದವನ ಸುತ್ತ ಒತ್ತಾಗಿ ನಿಂತು ತಳ್ಳುವ ಗುಂಪು) ಹಿಂದಕ್ಕೆ ಹೋಗಿ ಸೇರಿಕೊಳ್ಳುತ್ತಾನೆ, ಚೆಂಡು ಕೈಯಿಂದ ಕೈಗೆ ಹಿಂದಕ್ಕೆ ಬಂದು ಅವನ ಹತ್ತಿರ ನಿಲ್ಲುತ್ತದೆ. ಎಂಟು ಜನ ತಳ್ಳಿಕೊಂಡು ಗೆರೆ ದಾಟಿದಾಗ ನೆಲಕ್ಕೆ ಚೆಂಡು ಮುಟ್ಟಿಸುವವನು ಅವನು. 2022ರಲ್ಲಿ ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲೆಂಡ್ 18ನೇ ನಿಮಿಷದಲ್ಲೇ ರೆಡ್ ಕಾರ್ಡ್‌ಗೆ ಒಬ್ಬಳನ್ನು ಕಳೆದುಕೊಂಡಿತ್ತು. ಆದರೂ ಲೈನ್‌ಔಟ್ ಮತ್ತು ಮಾಲ್ ನಂಬಿ ಕೊನೆಯವರೆಗೆ ಹೋರಾಡಿ 31–34ರಲ್ಲಿ ಸೋತಿತು. ಹುಕರ್ ಏಮಿ ಕೋಕೇಯ್ನ್ ಅವತ್ತು ಮೂರು ಟ್ರೈ ಗಳಿಸಿದಳು. ಮಾಲ್ ಬಲವಾಗಿರುವ ತಂಡದ ಹುಕರ್ ದರ ವಿಂಗ್ ದರಕ್ಕಿಂತ ಎಷ್ಟೋ ಮೇಲಿರುತ್ತದೆ. ನನ್ನ ಲೆಕ್ಕಕ್ಕೂ ಅವರ ದರಕ್ಕೂ ವ್ಯತ್ಯಾಸ ಸಿಗುವುದು ಹೆಚ್ಚಾಗಿ ಅಲ್ಲೇ.

ಆದರೆ ಹುಕರ್ 80 ನಿಮಿಷ ಆಡುವುದು ಅಪರೂಪ. ಸಾಮಾನ್ಯವಾಗಿ 50–60ನೇ ನಿಮಿಷದ ಹೊತ್ತಿಗೆ ಬದಲಿ ಆಟಗಾರ ಬರುತ್ತಾನೆ. ಆ ತಂಡದ ಹುಕರ್ ಜಾಗಕ್ಕೆ ಟ್ರೈಗಳ ಸರಾಸರಿ 0.5 ಇದ್ದರೆ ಅದನ್ನು ಇಬ್ಬರಿಗೆ ನಿಮಿಷದ ಪ್ರಕಾರ ಹಂಚಬೇಕು. ಬೆಂಚ್ ಬಗ್ಗೆ ಸಾಮಾನ್ಯವಾಗಿಯೂ ಇದೇ ಎಚ್ಚರ ಬೇಕು. ಬೆಂಚ್‌ನಲ್ಲಿ ಎಂಟು ಜನ ಇರುತ್ತಾರೆ. ದಕ್ಷಿಣ ಆಫ್ರಿಕಾ 2023ರ ಫೈನಲ್‌ಗೆ ಏಳು ಫಾರ್ವರ್ಡ್ (ಮುಂದೆ ನಿಂತು ತಳ್ಳುವವರು), ಒಬ್ಬನೇ ಬ್ಯಾಕ್ (ಹಿಂದಿನಿಂದ ಓಡುವವನು) ಇಟ್ಟುಕೊಂಡು ಬಂದಿತ್ತು. ಅದಕ್ಕೂ ವಾರ ಮೊದಲು ಇಂಗ್ಲೆಂಡ್ ಮೇಲಿನ ಸೆಮಿಫೈನಲ್ 16–15. ಆ ಪಂದ್ಯದ ಒಂದೇ ಟ್ರೈ ಬಂದದ್ದು ಬೆಂಚ್‌ನಿಂದ ಬಂದ ಲಾಕ್ ಜಾಗದ ಫಾರ್ವರ್ಡ್ ಆರ್‌ಜಿ ಸ್ನೈಮನ್ ಕೈಯಿಂದ. ಪಂದ್ಯಕ್ಕೆ ಮುಂಚೆ ಅವನ ಹೆಸರನ್ನು ಎಷ್ಟು ಜನ ನೋಡಿರಬಹುದು?

ಮೊದಲ ಟ್ರೈ ಯಾರದ್ದು ಅನ್ನುವ ಮಾರ್ಕೆಟ್‌ನಿಂದ ದೂರ ಇರಿ ಅಂತಲೇ ನನ್ನ ಸಲಹೆ. ಲೆಕ್ಕ ನೋಡಿ. ನಮ್ಮ ವಿಂಗ್ ಆಟಗಾರನ ಸರಾಸರಿ 0.6. ಎರಡೂ ತಂಡ ಸೇರಿ ಐದು ಟ್ರೈ ನಿರೀಕ್ಷೆ. ಮೊದಲನೆಯದು ಅವನದ್ದಾಗುವ ಸಾಧ್ಯತೆ 0.6ನ್ನು 5ರಿಂದ ಭಾಗಿಸಿದಷ್ಟು, ಅಂದರೆ ಶೇ. 12. ನನ್ನ ದರ 8.33. ಅವರು 7.00 ಕೊಡುತ್ತಿದ್ದಾರೆ ಅಂದುಕೊಳ್ಳಿ. ನೋಡುವುದಕ್ಕೆ ದೊಡ್ಡ ದರವೇ. ಆದರೆ 100 ಕಟ್ಟಿದಾಗೆಲ್ಲ ಸರಾಸರಿ 84 ವಾಪಸ್ ಬರುತ್ತದೆ, 16 ಹೋಗುತ್ತದೆ.

ಕಿಕ್, ಮಳೆ, ಬೋನಸ್ ಪಾಯಿಂಟ್

ಒಟ್ಟು ಪಾಯಿಂಟ್ ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ತಂಡಕ್ಕೆ ಮೂರು ಟ್ರೈ ಅಂದರೆ 15. ಕಿಕ್ ಹೊಡೆಯುವವನು ನಾಲ್ಕರಲ್ಲಿ ಮೂರು ಕನ್ವರ್ಷನ್ ಹಾಕುತ್ತಾನೆ ಅಂದರೆ ಮೂರು ಟ್ರೈಗೆ ಸರಾಸರಿ 4.5. ಎರಡು ಪೆನಾಲ್ಟಿ, 6. ಒಟ್ಟು 25.5. ಎದುರಾಳಿಗೆ ಎರಡು ಟ್ರೈ, 10, ಕನ್ವರ್ಷನ್ 3, ಎರಡು ಪೆನಾಲ್ಟಿ 6, ಒಟ್ಟು 19. ಸೇರಿಸಿದರೆ 44.5. ಬುಕ್‌ಮೇಕರ್ ಗೆರೆ 47.5 ಇದ್ದರೆ 'ಕಡಿಮೆ' ಕಡೆಗೆ ಮನಸ್ಸು ಹೋಗುತ್ತದೆ. ಆದರೆ ಒಂದು ಟ್ರೈ ಮತ್ತು ಕನ್ವರ್ಷನ್ ಸೇರಿದರೆ 7 ಪಾಯಿಂಟ್. ಕೊನೆಯ ನಿಮಿಷದ ಒಂದೇ ಟ್ರೈ ನಿಮ್ಮ 3 ಪಾಯಿಂಟ್ ಅಂತರವನ್ನು ನುಂಗಿ ಹಾಕುತ್ತದೆ. ಅಂತರ ಒಂದು ಟ್ರೈಯಷ್ಟಾದರೂ ಇಲ್ಲದಿದ್ದರೆ ನಾನು ಕೈ ಹಾಕುವುದಿಲ್ಲ.

ಮಳೆ ಬಂದರೆ ಚೆಂಡು ಜಾರುತ್ತದೆ, ಪಾಸ್ ಕಡಿಮೆಯಾಗುತ್ತವೆ, ಕಿಕ್ ಜಾಸ್ತಿಯಾಗುತ್ತವೆ, ಸ್ಕ್ರಮ್‌ಗಳು (ಎರಡೂ ತಂಡದ ಫಾರ್ವರ್ಡ್‌ಗಳು ಎದುರುಬದುರು ಬಾಗಿ ತಳ್ಳಾಡುವುದು) ಹೆಚ್ಚುತ್ತವೆ. ಮೈದಾನಕ್ಕೆ ಚಾವಣಿ ಇದೆಯಾ ಅಂತಲೂ ನೋಡಿ. ಕಾರ್ಡಿಫ್‌ನ ಪ್ರಿನ್ಸಿಪಾಲಿಟಿ ಮೈದಾನದ ಚಾವಣಿ ಮುಚ್ಚಬಹುದು, ನ್ಯೂಜಿಲೆಂಡ್‌ನ ಡನೀಡನ್ ಮೈದಾನಕ್ಕೆ ಸದಾ ಚಾವಣಿ ಇದೆ. ಅಲ್ಲಿ ಹೊರಗೆ ಎಷ್ಟು ಮಳೆ ಬಂದರೂ ಆಟಕ್ಕೆ ಅದು ತಟ್ಟುವುದಿಲ್ಲ. ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್ ಸಮುದ್ರ ಮಟ್ಟದಿಂದ 1,700 ಮೀಟರ್‌ಗೂ ಮೇಲಿದೆ. ಗಾಳಿ ತೆಳುವಾದ್ದರಿಂದ ಕಿಕ್ ದೂರ ಹೋಗುತ್ತದೆ, ಬೇರೆ ಕಡೆ ಯೋಚಿಸದ ದೂರದಿಂದಲೂ ಅಲ್ಲಿ ಪೆನಾಲ್ಟಿ ಹೊಡೆಯುತ್ತಾರೆ.

ಟೂರ್ನಿಯ ನಿಯಮವೂ ಆಟವನ್ನು ಬದಲಾಯಿಸುತ್ತದೆ. ಇದನ್ನು ಬಹಳ ಜನ ಗಮನಿಸುವುದಿಲ್ಲ. ಯುರೋಪಿನ ಆರು ದೇಶಗಳ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ 2017ರಿಂದ, ವಿಶ್ವಕಪ್‌ನ ಗುಂಪು ಹಂತದಲ್ಲೂ, ನಾಲ್ಕು ಟ್ರೈ ಗಳಿಸಿದರೆ ಟೂರ್ನಿಯ ಅಂಕಪಟ್ಟಿಯಲ್ಲಿ ಒಂದು ಬೋನಸ್ ಪಾಯಿಂಟ್. ಮೂರು ಟ್ರೈ ಆಗಿದೆ, ತಂಡ 20 ಪಾಯಿಂಟ್ ಮುಂದಿದೆ, 70ನೇ ನಿಮಿಷದಲ್ಲಿ ಕಂಬದ ಎದುರೇ ಪೆನಾಲ್ಟಿ ಸಿಕ್ಕಿತು. ಆಗ ನಾಯಕ 3 ಪಾಯಿಂಟ್ ತೆಗೆದುಕೊಳ್ಳುವುದಿಲ್ಲ, ಚೆಂಡನ್ನು ಮೂಲೆಗೆ ಹೊಡೆಸಿ ಲೈನ್‌ಔಟ್ ಕೇಳುತ್ತಾನೆ. ಕಿಕ್ಕರ್ ಪಾಯಿಂಟ್ ಮೇಲೆ ಕಟ್ಟಿದವರಿಗೆ ನಷ್ಟ, ಹುಕರ್ ಮೇಲೆ ಕಟ್ಟಿದವರಿಗೆ ಅವಕಾಶ. ನಾಕೌಟ್‌ನಲ್ಲಿ ಬೋನಸ್ ಇಲ್ಲ, ಅಲ್ಲಿ ಮೂರು ಪಾಯಿಂಟ್‌ಗೆ ಬೆಲೆ ಇದೆ. 1995 ಮತ್ತು 2007ರ ವಿಶ್ವಕಪ್ ಫೈನಲ್‌ಗಳಲ್ಲಿ ಒಂದೂ ಟ್ರೈ ಬರಲಿಲ್ಲ. ಎರಡನ್ನೂ ಗೆದ್ದದ್ದು ದಕ್ಷಿಣ ಆಫ್ರಿಕಾ. ಅವರಿಗೆ ಫೈನಲ್‌ನಲ್ಲಿ ಮೊದಲ ಟ್ರೈ ಬಂದದ್ದು 2019ರಲ್ಲಿ, ಮಪಿಂಪಿಯಿಂದ.

ಕಿಕ್ಕರ್ ಎಷ್ಟು ಪಾಯಿಂಟ್ ಗಳಿಸುತ್ತಾನೆ ಅನ್ನುವ ಮಾರ್ಕೆಟ್‌ನಲ್ಲಿ ಮೊದಲ ಪ್ರಶ್ನೆ ಕಿಕ್ ಯಾರು ಹೊಡೆಯುತ್ತಾರೆ ಅನ್ನುವುದು. 10ನೇ ನಂಬರ್ ಅಂಗಿ ಹಾಕಿದವನೇ ಹೊಡೆಯುತ್ತಾನೆ ಅನ್ನುವ ಖಾತರಿ ಇಲ್ಲ. 2023ರ ಗುಂಪು ಹಂತದಲ್ಲಿ ಐರ್ಲೆಂಡ್ ಮೇಲೆ ದಕ್ಷಿಣ ಆಫ್ರಿಕಾ 8–13ರಲ್ಲಿ ಸೋತಾಗ ಮ್ಯಾನಿ ಲಿಬೊಕ್ ಮತ್ತು ಫಾಫ್ ಡಿ ಕ್ಲರ್ಕ್ ಇಬ್ಬರೂ ಕಿಕ್ ಹೊಡೆದಿದ್ದರು. ಫೈನಲ್‌ನಲ್ಲಿ ಕಿಕ್ಕರ್ ಪೊಲಾರ್ಡ್. ಅದೇ ಫೈನಲ್‌ನಲ್ಲಿ ನ್ಯೂಜಿಲೆಂಡ್‌ನ ಮುಖ್ಯ ಕಿಕ್ಕರ್ ರಿಚಿ ಮೊವಾಂಗ. ಆದರೆ ಕೊನೆಯ ಹಂತದಲ್ಲಿ ದೂರದ ಪೆನಾಲ್ಟಿ ಸಿಕ್ಕಾಗ ಮುಂದೆ ಬಂದದ್ದು ಜೋರ್ಡಿ ಬ್ಯಾರೆಟ್. ದೂರದ ಕಿಕ್‌ಗೆ ತಂಡದಲ್ಲಿ ಬೇರೆ ಕಾಲು ಇದೆಯಾ ಅಂತ ಹಿಂದಿನ ಪಂದ್ಯಗಳಲ್ಲಿ ನೋಡಿಟ್ಟುಕೊಳ್ಳಿ.

ಕಾರ್ಡ್ ಒಂದು ಬಂದರೆ ಎಲ್ಲ ಲೆಕ್ಕವೂ ಮೇಲೆ ಕೆಳಗೆ. ಯೆಲ್ಲೋ ಕಾರ್ಡ್‌ಗೆ 10 ನಿಮಿಷ ಹೊರಗೆ. ರೆಡ್ ಕಾರ್ಡ್‌ಗೆ ಆ ಆಟಗಾರ ಪಂದ್ಯಕ್ಕೇ ಹೊರಗೆ. 2025ರ ಸಿಕ್ಸ್ ನೇಷನ್ಸ್‌ನಿಂದ ಅಲ್ಲಿ 20 ನಿಮಿಷದ ರೆಡ್ ಕಾರ್ಡ್ ಬಂದಿದೆ, ಅಂದರೆ 20 ನಿಮಿಷ ಕಳೆದ ಮೇಲೆ ಬದಲಿ ಆಟಗಾರನನ್ನು ಇಳಿಸಬಹುದು. ಜನ ಸಾಮಾನ್ಯವಾಗಿ ಕಾರ್ಡ್ ಬಂದ ಕೂಡಲೇ ಎದುರಾಳಿಗೆ ಟ್ರೈ ಸುರಿಮಳೆ ಅಂತ ಲೆಕ್ಕ ಹಾಕುತ್ತಾರೆ. 2023ರಲ್ಲಿ ಅರ್ಜೆಂಟೀನಾ ಮೇಲೆ ಇಂಗ್ಲೆಂಡ್‌ನ ಟಾಮ್ ಕರಿ ಮೂರನೇ ನಿಮಿಷದಲ್ಲೇ ಹೊರಗೆ ಹೋದ. ಇಂಗ್ಲೆಂಡ್ ಟ್ರೈ ಆಸೆ ಬಿಟ್ಟು ಕಿಕ್ ಆಟಕ್ಕೆ ಇಳಿಯಿತು. ಜಾರ್ಜ್ ಫೋರ್ಡ್ ಮೂರು ಡ್ರಾಪ್ ಗೋಲ್ ಸೇರಿ ತಂಡದ 27 ಪಾಯಿಂಟ್‌ಗಳನ್ನೂ ಒಬ್ಬನೇ ಗಳಿಸಿದ. ಪಂದ್ಯ 27–10. ಹದಿನಾಲ್ಕು ಜನರ ತಂಡ ಏನು ಮಾಡುತ್ತದೆ ಅನ್ನುವುದು ಆ ತಂಡದಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಸಣ್ಣ ಅಕ್ಷರದ ನಿಯಮ

ಲೆಕ್ಕ ಸರಿಯಿದ್ದೂ ಹಣ ಹೋಗುವುದು ಇಲ್ಲಿ. ಒಂದೊಂದು ಕಂಪನಿಯ ನಿಯಮ ಒಂದೊಂದು ಥರ. ಕಟ್ಟುವ ಮುಂಚೆ ರಗ್ಬಿ ವಿಭಾಗದ ನಿಯಮ ಪುಟ ತೆರೆದು ಪೂರ್ತಿ ಓದಿ.

ಮೊದಲು ಹೆಚ್ಚುವರಿ ಸಮಯ. ಬಹುತೇಕ ಮಾರ್ಕೆಟ್‌ಗಳು 80 ನಿಮಿಷ ಮತ್ತು ನಿಂತ ಆಟದ ಸಮಯಕ್ಕೆ ಮಾತ್ರ ಲೆಕ್ಕ. 2003ರ ಫೈನಲ್‌ನಲ್ಲಿ ಜಾನಿ ವಿಲ್ಕಿನ್ಸನ್ ಹೊಡೆದ ಡ್ರಾಪ್ ಗೋಲ್ ರಗ್ಬಿ ನೋಡುವವರಿಗೆಲ್ಲ ಗೊತ್ತು. ಇಂಗ್ಲೆಂಡ್ 20, ಆಸ್ಟ್ರೇಲಿಯಾ 17. ಆದರೆ 80 ನಿಮಿಷಕ್ಕೆ ಸ್ಕೋರ್ 14–14. ಆ ನಿಯಮದಲ್ಲಿ ಕಟ್ಟಿದವರಿಗೆ ಪಂದ್ಯ ಡ್ರಾ, ವಿಲ್ಕಿನ್ಸನ್‌ನ ಆ ಕಿಕ್ ಅವನ ಪಾಯಿಂಟ್ ಲೆಕ್ಕಕ್ಕೂ ಬರುವುದಿಲ್ಲ.

ಆಮೇಲೆ ಗಾಯ. ನಿಮ್ಮ ಆಟಗಾರ ಮೈದಾನಕ್ಕೇ ಇಳಿಯದಿದ್ದರೆ ಸಾಮಾನ್ಯವಾಗಿ ಹಣ ವಾಪಸ್. ಇಳಿದು ಒಂದು ನಿಮಿಷ ಆಡಿದರೂ ಬೆಟ್ ನಿಂತಿತು ಅಂತ ಅರ್ಥ. 2023ರ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಹುಕರ್ ಬೊಂಗಿ ಎಂಬೊನಾಂಬಿ ಆಟ ಶುರುವಾದ ಕೆಲವೇ ನಿಮಿಷದಲ್ಲಿ ಗಾಯಗೊಂಡು ಹೊರಗೆ ಹೋದ. ಬೆಂಚ್‌ನಲ್ಲಿದ್ದ ಡಿಯೋನ್ ಫೌರಿ ಉಳಿದ ಪಂದ್ಯವನ್ನೆಲ್ಲ ಆಡಿದ. ಮೊದಲ ಟ್ರೈ ಆದ ಮೇಲೆ ಬೆಂಚ್‌ನಿಂದ ಬಂದವನ ಮೇಲಿನ ಮೊದಲ ಟ್ರೈ ಬೆಟ್ ಏನಾಗುತ್ತದೆ ಅನ್ನುವುದನ್ನೂ ಓದಿಕೊಳ್ಳಿ, ಇದರಲ್ಲಿ ಕಂಪನಿಗಳ ನಡುವೆ ವ್ಯತ್ಯಾಸವಿದೆ.

ಪೆನಾಲ್ಟಿ ಟ್ರೈ ಯಾವ ಆಟಗಾರನ ಹೆಸರಿಗೂ ಹೋಗುವುದಿಲ್ಲ. ಒಟ್ಟು ಟ್ರೈಗಳಲ್ಲಿ ಅದು ಸೇರುತ್ತದಾ, ಮೊದಲ ಟ್ರೈ ಲೆಕ್ಕದಲ್ಲಿ ಅದನ್ನು ಬಿಟ್ಟು ಮುಂದಿನದನ್ನು ನೋಡುತ್ತಾರಾ ಅನ್ನುವುದು ನಿಯಮದಲ್ಲಿರುತ್ತದೆ. ಕಾರ್ಡ್ ಮಾರ್ಕೆಟ್‌ನಲ್ಲೂ ಹೀಗೇ. ಸ್ಯಾಮ್ ಕೇನ್‌ಗೆ ರೆಫರಿ ತೋರಿಸಿದ್ದು ಯೆಲ್ಲೋ. ಅವನು ಹೊರಗೆ ಕೂತಿರುವಾಗ ವಿಡಿಯೋ ನೋಡುವ ಅಧಿಕಾರಿ ಅದನ್ನು ರೆಡ್ ಮಾಡಿದರು. ಅದನ್ನು ಒಂದು ಕಾರ್ಡ್ ಅಂತ ಎಣಿಸುತ್ತಾರಾ, ಎರಡು ಅಂತಲಾ?

ಬೆಟ್ ಇಡುವ ದಿನ

ದೊಡ್ಡ ಪಂದ್ಯಗಳಿಗೆ 23 ಜನರ ಪಟ್ಟಿ ಸಾಮಾನ್ಯವಾಗಿ ಎರಡು ದಿನ ಮೊದಲು ಬರುತ್ತದೆ. ಅದಕ್ಕೂ ಮುಂಚೆ ಆಟಗಾರರ ಮೇಲೆ ಕಟ್ಟುವುದರಲ್ಲಿ ಅರ್ಥವಿಲ್ಲ. ಪಟ್ಟಿ ಬಂದ ಕೂಡಲೇ ಕಿಕ್ಕರ್ ಯಾರು, ಎರಡು ಹುಕರ್ ಯಾರು, ಬೆಂಚ್‌ನಲ್ಲಿ ಎಷ್ಟು ಬ್ಯಾಕ್ ಇದ್ದಾರೆ ಅಂತ ಬರೆದುಕೊಳ್ಳಿ. ನಿಮ್ಮ ದರ ಹಾಕಿ. ಆಮೇಲೆ ಲೈಸೆನ್ಸ್ ಇರುವ ಎರಡು ಮೂರು ಕಡೆ ಅದೇ ಮಾರ್ಕೆಟ್‌ನ ದರ ಹೋಲಿಸಿ ನೋಡಿ. ಪ್ರಾಪ್ ಮಾರ್ಕೆಟ್‌ನಲ್ಲಿ ಒಂದೇ ಆಟಗಾರನಿಗೆ ಒಬ್ಬರು 2.20, ಇನ್ನೊಬ್ಬರು 2.60 ಕೊಡುವುದು ಹೊಸದಲ್ಲ. ನಿಮ್ಮ ದರಕ್ಕಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ಮುಂದುವರಿಯಿರಿ. ನನ್ನ ಪುಟಗಳಲ್ಲಿ ಹೆಚ್ಚಿನವು ಬೆಟ್ ಇಲ್ಲದೇ ಮುಗಿಯುತ್ತವೆ, ಅದು ಹಾಗೇ ಇರಬೇಕು.

ಬೆಟ್ ಸ್ಲಿಪ್‌ನಲ್ಲಿ ಆಟಗಾರನ ಹೆಸರು, ಮಾರ್ಕೆಟ್ ಹೆಸರು, ದರ, ಕಟ್ಟುವ ಮೊತ್ತ ನಾಲ್ಕನ್ನೂ ಓದಿ. 'ಯಾವಾಗಲಾದರೂ ಟ್ರೈ' ಮತ್ತು 'ಮೊದಲ ಟ್ರೈ' ಪಕ್ಕಪಕ್ಕದಲ್ಲೇ ಇರುತ್ತವೆ. ದರ ಬದಲಾದರೂ ಒಪ್ಪಿಕೊಳ್ಳಿ ಅನ್ನುವ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ನಿಮ್ಮ ಲೆಕ್ಕ ಒಂದು ದರಕ್ಕೆ ಮಾಡಿದ್ದು, ದರ ಇಳಿದರೆ ಆ ಲೆಕ್ಕವೂ ಹೋಯಿತು.

ಒಂದೇ ಪಂದ್ಯದ ಮೂರು ನಾಲ್ಕು ಸಂಗತಿಗಳನ್ನು ಸೇರಿಸಿ ದೊಡ್ಡ ದರ ತೋರಿಸುವ ಬೆಟ್ ಬಿಲ್ಡರ್ ಈಗ ಎಲ್ಲ ಕಡೆ ಇದೆ. ಒಂದೊಂದರಲ್ಲಿ ಬುಕ್‌ಮೇಕರ್ ಪಾಲು ಶೇ. 5 ಅಂದರೂ ಮೂರು ಸೇರಿದಾಗ ಅದು ಸುಮಾರು 16 ಆಗುತ್ತದೆ. ಅದಲ್ಲದೆ ವಿಂಗ್ ಆಟಗಾರನ ಟ್ರೈ ಮತ್ತು ತಂಡಕ್ಕೆ ನಾಲ್ಕು ಟ್ರೈ ಅನ್ನುವುದು ಒಂದಕ್ಕೊಂದು ಅಂಟಿಕೊಂಡ ಸಂಗತಿಗಳು. ಆ ನಂಟಿಗೆ ಎಷ್ಟು ದರ ಕಡಿತ ಮಾಡಿದ್ದಾರೆ ಅಂತ ನಿಮಗೆ ಕಾಣಿಸುವುದಿಲ್ಲ. ನಾನು ಅದನ್ನು ಬಳಸುವುದಿಲ್ಲ, ಬಳಸಿ ಅಂತ ಹೇಳುವುದೂ ಇಲ್ಲ. ಪಂದ್ಯ ನಡೆಯುವಾಗ ಕಟ್ಟುವ ಬೆಟ್‌ನಲ್ಲಿ ಟಿವಿ ಚಿತ್ರ ಮೈದಾನಕ್ಕಿಂತ ಕೆಲವು ಸೆಕೆಂಡ್ ಹಿಂದಿರುತ್ತದೆ ಅನ್ನುವುದು ನೆನಪಿರಲಿ.

ಮೊತ್ತದ ವಿಷಯಕ್ಕೆ ಬಂದರೆ, ಹೋದರೂ ಜೀವನಕ್ಕೆ ಏನೂ ಆಗಬಾರದು ಅನ್ನುವಷ್ಟು ಹಣವನ್ನು ಸೀಸನ್ ಶುರುವಿನಲ್ಲೇ ಬೇರೆ ಇಡಿ. ಒಂದು ಬೆಟ್‌ಗೆ ಅದರಲ್ಲಿ ನೂರರಲ್ಲಿ ಒಂದು ಭಾಗ. ದರ ಎಷ್ಟೇ ಚೆನ್ನಾಗಿ ಕಂಡರೂ ಅಷ್ಟೇ. ಶೇ. 45 ಸಾಧ್ಯತೆ ಇರುವ ಬೆಟ್ ಸತತ ಐದು ಸಲ ಸೋಲುವುದು ವಿಚಿತ್ರವಲ್ಲ, ಅದರ ಸಾಧ್ಯತೆಯೇ ಶೇ. 5. ಹೋದ ಹಣ ವಾಪಸ್ ತರಬೇಕು ಅಂತ ಮೊತ್ತ ಹೆಚ್ಚಿಸುವ ಮನಸ್ಸಾದರೆ, ಮನೆಯವರಿಂದ ಮುಚ್ಚಿಡುವ ಹಾಗಾದರೆ, ಸಾಲ ಕೇಳುವ ಯೋಚನೆ ಬಂದರೆ ಅವತ್ತೇ ಖಾತೆ ಮುಚ್ಚಿ. ಲೈಸೆನ್ಸ್ ಇರುವ ಕಂಪನಿಗಳಲ್ಲಿ ಠೇವಣಿ ಮಿತಿ, ತಾವೇ ತಮ್ಮನ್ನು ಹೊರಗಿಡುವ ಸೌಲಭ್ಯ ಸಾಮಾನ್ಯವಾಗಿ ಇರುತ್ತದೆ. ಮಿತಿಯನ್ನು ಮೊದಲ ದಿನವೇ ಹಾಕಿಬಿಡಿ. ಇದು ನಾನು ಮನಸ್ಸಿಟ್ಟು ಹೇಳುವ ಮಾತು.

ಸಣ್ಣ ಪ್ರಾಪ್ ಮಾರ್ಕೆಟ್‌ಗಳಲ್ಲಿ ದೊಡ್ಡ ಮೊತ್ತ ಕಟ್ಟಲು ಬಿಡುವುದಿಲ್ಲ ಅಂತ ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಅದಕ್ಕೆ ಕಾರಣವಿದೆ. 2010ರಲ್ಲಿ ಎನ್‌ಆರ್‌ಎಲ್‌ನ ಒಂದು ಪಂದ್ಯದಲ್ಲಿ ಮೊದಲ ಪಾಯಿಂಟ್ ಒಂದು ತಂಡದ ಪೆನಾಲ್ಟಿ ಕಿಕ್‌ನಿಂದ ಬರುತ್ತದೆ ಅನ್ನುವುದರ ಮೇಲೆ ಅನುಮಾನ ಬರುವಷ್ಟು ಹಣ ಬಿತ್ತು. ಎದುರು ತಂಡದ ಆಟಗಾರ ಬೇಕಂತಲೇ ಪೆನಾಲ್ಟಿ ಬಿಟ್ಟುಕೊಟ್ಟ. ಪೆನಾಲ್ಟಿ ಸಿಕ್ಕ ತಂಡ ಕಿಕ್ ಹೊಡೆಯದೆ ಓಡಿ ಟ್ರೈ ಗಳಿಸಿತು, ಕಟ್ಟಿದವರ ಹಣವೆಲ್ಲ ಹೋಯಿತು. ಆಟಗಾರನಿಗೆ ಕೋರ್ಟ್‌ನಲ್ಲಿ ಶಿಕ್ಷೆಯಾಯಿತು. ಒಬ್ಬನೇ ಆಟಗಾರ ತಿರುಗಿಸಬಹುದಾದ ಸಂಗತಿಗೆ ಮಿತಿ ಇರುವುದು ಆಟಕ್ಕೆ ಒಳ್ಳೆಯದು. ಆಟಗಾರರು, ಕೋಚ್‌ಗಳು, ರೆಫರಿಗಳು ರಗ್ಬಿ ಮೇಲೆ ಬೆಟ್ ಕಟ್ಟುವ ಹಾಗಿಲ್ಲ, ಒಳಗಿನ ಸುದ್ದಿ ಹೊರಗೆ ಕೊಡುವ ಹಾಗೂ ಇಲ್ಲ. ತಂಡದಲ್ಲಿರುವ ಪರಿಚಯದವರನ್ನು 'ಯಾರು ಆಡ್ತಾರೆ' ಅಂತ ಸುಮ್ನೆ ಕೇಳಿದರೂ ಅವರಿಗೆ ಕಷ್ಟ ತಂದ ಹಾಗೆ.

ಕೊನೆಗೆ ದಾಖಲೆ. ನನ್ನ ಪುಟದಲ್ಲಿ ಐದು ಕಾಲಂ: ಮಾರ್ಕೆಟ್, ನನ್ನ ದರ, ನಾನು ತೆಗೆದುಕೊಂಡ ದರ, ಆಟ ಶುರುವಾಗುವ ಹೊತ್ತಿಗೆ ಇದ್ದ ದರ, ಫಲಿತಾಂಶ. ನಾಲ್ಕನೆಯ ಕಾಲಂ ಅನ್ನು ಜನ ಬಿಟ್ಟುಬಿಡುತ್ತಾರೆ, ನಾನು ಮೊದಲು ನೋಡುವುದು ಅದನ್ನೇ. ನಾನು 2.50ಕ್ಕೆ ಕಟ್ಟಿದ್ದು ಶುರುವಿನ ಹೊತ್ತಿಗೆ 2.20 ಆಗಿದ್ದರೆ, ಬೆಟ್ ಸೋತರೂ ಲೆಕ್ಕ ಸರಿಯಾದ ದಿಕ್ಕಿನಲ್ಲಿತ್ತು ಅಂತ ಅರ್ಥ. 2.90 ಆಗಿದ್ದರೆ, ಗೆದ್ದರೂ ಬೇರೆಯವರಿಗೆ ಗೊತ್ತಿದ್ದ ಏನೋ ಒಂದು ನನಗೆ ಗೊತ್ತಿರಲಿಲ್ಲ. ಸೀಸನ್ ಮುಗಿದ ಮೇಲೆ ಮಾರ್ಕೆಟ್ ಪ್ರಕಾರ ಪುಟಗಳನ್ನು ಬೇರೆ ಮಾಡಿ. ಯಾವ ಮಾರ್ಕೆಟ್‌ನಲ್ಲಿ ದರ ಮತ್ತೆ ಮತ್ತೆ ನಿಮ್ಮ ವಿರುದ್ಧ ಹೋಗಿದೆಯೋ ಅದನ್ನು ಮುಂದಿನ ಸೀಸನ್‌ಗೆ ಬಿಟ್ಟುಬಿಡಿ. ಟ್ರೈ ಪಾಲಿನ ಲೆಕ್ಕವನ್ನೂ ಆಗಲೇ ಹೊಸದಾಗಿ ಮಾಡಿಕೊಳ್ಳಿ, ಯಾಕೆಂದರೆ ಕೋಚ್ ಬದಲಾದರೆ ಚೆಂಡು ಹೋಗುವ ದಾರಿಯೂ ಬದಲಾಗಿರುತ್ತದೆ.